ಕತ್ತಿ ಯಾರ ಕೈಯಲ್ಲಿ?

ಗಡ್ಡ ಹೆರೆಯುವ ವಿಷಯ ಸಾಹಿತ್ಯದ ಪುಟಕ್ಕೆ ತಕ್ಕ ವಸ್ತುವೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ಗಂಡಸರಾದವರು ಇಂದು ಬೆಳಗ್ಗೆ ಕನ್ನಡಿಯ ಮುಂದೆ ಕಳೆದ ಕಾಲು ಗಂಟೆಯನ್ನು ಒಮ್ಮೆ ನೆನೆದುಕೊಳ್ಳಲಿ. ದೇವರ ಮುಂದೆ ಅಷ್ಟು ಹೊತ್ತು, ಅಷ್ಟು ಏಕಾಗ್ರತೆಯಿಂದ ನಿಲ್ಲುವವರು ನಮ್ಮಲ್ಲಿ ಎಷ್ಟು ಮಂದಿ? ನಮ್ಮ ಹಿರಿಯರು ಕ್ಷೌರಕ್ಕೆ 'ಆಯುಷ್ಕರ್ಮ' ಎಂಬ ಗೌರವದ ಹೆಸರನ್ನು ಕೊಟ್ಟಿದ್ದರು. ಮಂಗಳವಾರ ಕೂಡದು, ಶನಿವಾರ ಕೂಡದು ಎಂದು ವಾರ ತಿಥಿಗಳನ್ನು ಗೊತ್ತುಮಾಡಿದ್ದರು. ಇಷ್ಟು ವಿಧಿನಿಷೇಧಗಳನ್ನು ಹೊತ್ತ ಕೆಲಸ ವಿಚಾರಕ್ಕೆ ತಕ್ಕುದಲ್ಲ ಎನ್ನುವುದು ಹೇಗೆ?

ಇಷ್ಟಕ್ಕೂ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಕಾಫಿಯಾದಮೇಲೆ ಚೀಲದಿಂದ ಒಂದು ಮರದ ಪೆಟ್ಟಿಗೆಯನ್ನು ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದಿಟ್ಟ. ಒಳಗೆ ಮಖಮಲ್ಲಿನ ಮೇಲೆ ಮಡಿಸಿಟ್ಟ ಕ್ಷೌರದ ಕತ್ತಿ. ಜರ್ಮನಿಯ ಜೋಲಿಂಗನ್ ಪಟ್ಟಣದ್ದು. ಹಲವು ಸಾವಿರ ರೂಪಾಯಿ ಕೊಟ್ಟು ತರಿಸಿಕೊಂಡನಂತೆ.

"ಮೇಷ್ಟ್ರೇ, ಇನ್ನು ಈ ಬ್ಲೇಡುಗಳ ಗೊಡವೆಯೇ ಬೇಡ ಅನ್ನಿಸಿದೆ. ನಮ್ಮ ಹಿರಿಯರ ಹಾಗೆ ಕತ್ತಿಯೇ ಸರಿ. ಅದರಲ್ಲಿ ಒಂದು ಸಂಸ್ಕಾರ ಇದೆ. ನೀವೇನಂತೀರಿ?" ಎಂದು ಕೇಳಿದ.

ನಾನು ಆಗ ಕತ್ತಿಯನ್ನು ತಿರುಗಿಸಿ ನೋಡಿ, "ಚೆನ್ನಾಗಿದೆಯಪ್ಪಾ, ಜೋಪಾನ" ಎಂದಷ್ಟೇ ಹೇಳಿದೆ. ಅದು ಪೂರ್ತಿ ಉತ್ತರವಾಗಿರಲಿಲ್ಲ. ಅವನು ಹೋದಮೇಲೆ ಹೇಳದೆ ಉಳಿದ ಮಾತುಗಳು ಒಂದೊಂದಾಗಿ ಮುಂದೆ ಬಂದು ನಿಂತವು. ಅವುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದುದು ಮಾರಿಕಣಿವೆಯ ಸೀಮೆಯಲ್ಲಿ. ಎರಡು ಗುಡ್ಡಗಳ ನಡುವೆ ನುಸುಳಿಕೊಂಡು ಹೋಗುತ್ತಿದ್ದ ವೇದಾವತಿಯನ್ನು ಕಲ್ಲುಗಾರೆಯ ಗೋಡೆಯಿಂದ ಅಡ್ಡಗಟ್ಟಿ, 1907ರಲ್ಲಿ ಮುಗಿಸಿದ ಆ ಜಲಾಶಯಕ್ಕೆ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರಿಟ್ಟರು. ಕಾಗದಪತ್ರಗಳಲ್ಲಿ ಅದು ವಾಣೀವಿಲಾಸ ಸಾಗರ. ನಮ್ಮ ಬಾಯಲ್ಲಿ ಕಣಿವೆ ಮಾರಮ್ಮನ ಹೆಸರಿನ ಮಾರಿಕಣಿವೆಯೇ. ನಮ್ಮೂರಿನ ಅರಳಿಕಟ್ಟೆಯ ಕೆಳಗೆ ಕ್ಷೌರಿಕರು ಕೂರುತ್ತಿದ್ದರು. ಅವರ ಹಡಪ ನನ್ನ ಬಾಲ್ಯದ ದೊಡ್ಡ ವಿಸ್ಮಯಗಳಲ್ಲಿ ಒಂದು. ಅದನ್ನು ಬಿಚ್ಚಿದರೆ ಒಂದೊಂದಾಗಿ ಹೊರಬರುತ್ತಿದ್ದವು: ಎರಡು ಕತ್ತಿಗಳು, ಕತ್ತರಿ, ಉಗುರುಗತ್ತಿ, ಮಸೆಗಲ್ಲು, ಎಣ್ಣೆ ಕುಡಿದು ಕಪ್ಪಾದ ಚರ್ಮದ ಪಟ್ಟಿ, ಹಿತ್ತಾಳೆಯ ಗಿಂಡಿ, ಅಂಗೈಯಗಲದ ಕನ್ನಡಿ, ಒಂದು ಹರಳು ಪಟಿಕ. ಕತ್ತಿಯ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಚರ್ಮದ ಮೇಲೆ ಅದನ್ನು ಎಳೆಯುವಾಗ ಒಂದು ಸದ್ದು, ಎರಡು ದಿನದ ಗಡ್ಡದ ಮೇಲೆ ಎಳೆಯುವಾಗ ಇನ್ನೊಂದು. ಕೇಳುತ್ತ ಕುಳಿತ ನಮ್ಮಂಥ ಹುಡುಗರಿಗೆ ಗಡ್ಡ ಬರುವುದೇ ಒಂದು ದೊಡ್ಡ ಪದವಿಯಾಗಿ ಕಾಣುತ್ತಿತ್ತು.

ಆದ್ದರಿಂದ ಕತ್ತಿಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಅದರ ಗುಣವನ್ನು ಮೊದಲು ಹೇಳುವುದು ನ್ಯಾಯ.

ಒಳ್ಳೆಯ ಕ್ಷೌರದ ಕತ್ತಿ ಬರಿಯ ಚೂಪಾದ ತಗಡಲ್ಲ. ಅದರ ಬೆನ್ನು ದಪ್ಪ. ಎರಡು ಮಗ್ಗುಲೂ ತಗ್ಗಾಗಿ ಸವೆಸಿದ್ದು, ಅಂಚಿಗೆ ಬರುವ ಹೊತ್ತಿಗೆ ಉಕ್ಕು ತೀರ ತೆಳುವಾಗಿರುತ್ತದೆ. ಕಲ್ಲಿನ ಮೇಲೆ ಮಸೆಯುವಾಗ ಬೆನ್ನು ಅಂಚು ಎರಡೂ ಕಲ್ಲಿಗೆ ತಾಗಿಕೊಂಡೇ ಇರಬೇಕು. ಬಾಯಿ ಮುಂದಾಗಿ ಕತ್ತಿ ಸಾಗಬೇಕು. ಚರ್ಮದ ಪಟ್ಟಿಯ ಮೇಲಾದರೋ ಬೆನ್ನು ಮುಂದಾಗಬೇಕು. ಮರೆತು ಬಾಯಿ ಮುಂದೆ ಮಾಡಿದರೆ ಪಟ್ಟಿಯೂ ಹೋಯಿತು, ಅಂಚೂ ಹೋಯಿತು. ಕಲ್ಲಿನ ಕೆಲಸ ಅಪರೂಪಕ್ಕೆ. ಪಟ್ಟಿಯ ಕೆಲಸ ಪ್ರತಿಯೊಂದು ಕ್ಷೌರಕ್ಕೂ. ಮುಖದ ಮೇಲೆ ಅದನ್ನು ಸುಮಾರು ಮೂವತ್ತು ಡಿಗ್ರಿ ಓರೆಯಾಗಿ ಹಿಡಿಯಬೇಕು. ಅದಕ್ಕಿಂತ ಮಲಗಿಸಿದರೆ ಕೂದಲು ಕೀಳುತ್ತದೆ, ಅದಕ್ಕಿಂತ ಎತ್ತಿದರೆ ಚರ್ಮ ಸೀಳುತ್ತದೆ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಇಷ್ಟನ್ನೂ ಕಲಿತವನಿಗೆ ಆ ಒಂದು ಕತ್ತಿ ಜೀವಮಾನಪರ್ಯಂತ ಸಾಕು. ಅವನ ಮಗನಿಗೂ ಆಗಬಹುದು.

ಇನ್ನೊಂದು ಮಾತನ್ನು ನನ್ನ ವಿದ್ಯಾರ್ಥಿ ಅರಿತಿದ್ದರೆ ಅವನ ಹೆಮ್ಮೆ ಇಮ್ಮಡಿಸುತ್ತಿತ್ತು. ಜೋಲಿಂಗನ್ನಿನಿಂದ ಅವನು ತರಿಸಿದ ವಸ್ತುವಿನ ನಂಟು ನಮ್ಮ ಜಿಲ್ಲೆಗೂ ಉಂಟು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದ ಕುರುಹುಗಳು ದೊರೆತಿವೆ. ಹಳೆಯ ಮೈಸೂರು ಸೀಮೆಯ ಕೆಲಸಗಾರರು ಮೆದು ಕಬ್ಬಿಣದ ತುಂಡನ್ನು ತಂಗಡಿಯ ಕಟ್ಟಿಗೆಯ ಚೂರು, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ಇದ್ದಲಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. 'ವೂಟ್ಜ್' ಎಂದು ಯುರೋಪಿನವರು ಕರೆದ ಈ ಲೋಹದ ಹೆಸರಿಗೆ ನಮ್ಮ 'ಉಕ್ಕು' ಎಂಬ ಮಾತೇ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಇದರ ಮೇಲೆ ಒಂದು ಪ್ರಬಂಧವನ್ನು ಪ್ರಕಟಿಸಿದ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಕತ್ತಿಗಾರ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಈ ಉಕ್ಕಿನಿಂದಲೇ ಮಾಡುತ್ತೇನೆ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದು ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ್ದ. ಮುಂದೆ ಅವನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ಮಾಡಿದವನು ತರುಣ ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಕೀರ್ತಿ ಅವನಿಗೆ ಬಂದದ್ದು ಆಮೇಲೆ.

ಕತ್ತಿಯ ಪರವಾಗಿ ಇಷ್ಟು ಹೇಳಿದಮೇಲೆ ಸೇಫ್ಟಿ ರೇಜರಿನ ಪರವಾಗಿ ಹೇಳಲು ಏನು ಉಳಿಯಿತು ಎಂದು ಕೇಳಬಹುದು. ಅದರ ವಂಶವೂ ಅಷ್ಟು ಹೊಸದಲ್ಲ. ಪ್ಯಾರಿಸಿನ ಕತ್ತಿಗಾರ ಜೀನ್ ಜಾಕ್ ಪೆರೆ ಎಂಬಾತ ಬಡಗಿಯ ಉಜ್ಜುಗೊರಡನ್ನು ಕಂಡು, ಕತ್ತಿಯ ಅಂಚಿಗೆ ಮರದ ಕಾಪು ತೊಡಿಸುವ ಉಪಾಯವನ್ನು ಹದಿನೆಂಟನೆಯ ಶತಮಾನದಲ್ಲಿಯೇ ಕಂಡುಕೊಂಡ. ತಮ್ಮ ಮುಖವನ್ನು ತಾವೇ ಕ್ಷೌರ ಮಾಡಿಕೊಳ್ಳುವುದು ಹೇಗೆಂಬುದನ್ನು ಕಲಿಸಲು 1769ರಲ್ಲಿ ಒಂದು ಪುಸ್ತಕವನ್ನೇ ಬರೆದ. ಆದರೆ ಕಾಪು ತೊಟ್ಟರೂ ಅದು ಕತ್ತಿಯೇ. ಮಸೆಯುವ ಕಷ್ಟ ತಪ್ಪಲಿಲ್ಲ. ಆ ಕಷ್ಟವನ್ನು ತಪ್ಪಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಅಂಚನ್ನು ಮತ್ತೆ ಮತ್ತೆ ಹರಿತಮಾಡುವ ಬದಲು ತೆಳು ತಗಡಿನಿಂದ ಅಗ್ಗವಾಗಿ ಅಂಚನ್ನು ಮಾಡಿ, ಮೊಂಡಾದಮೇಲೆ ಬಿಸಾಡಿದರೇನು ಎಂದು ಅವನು ಯೋಚಿಸಿದ. ಅಷ್ಟು ತೆಳುವಾದ ತಗಡನ್ನು ಹದಮಾಡುವುದು ಆಗದ ಕೆಲಸವೆಂದು ಲೋಹ ಬಲ್ಲವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಯಂತ್ರಜ್ಞ ಅದನ್ನು ಆಗಮಾಡಿ ತೋರಿಸಿದ. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು ಬರಿಯ 51 ರೇಜರು, 168 ಬ್ಲೇಡು. ಮರುವರ್ಷವೇ ರೇಜರುಗಳ ಸಂಖ್ಯೆ ತೊಂಬತ್ತು ಸಾವಿರವನ್ನು ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರಕಾರ ತನ್ನ ಸೈನಿಕರಿಗೆ ಇದನ್ನೇ ಹಂಚಿತು. ಯುದ್ಧ ಮುಗಿಸಿ ಮನೆಗೆ ಮರಳಿದವರು ಅಭ್ಯಾಸವನ್ನೂ ತಮ್ಮೊಡನೆ ತಂದರು.

ಇದರ ಯುಕ್ತಿ ಸರಳ. ಕೆಳಗೆ ಹಲ್ಲುಗಳುಳ್ಳ ಒಂದು ತಟ್ಟೆ, ಮೇಲೆ ಬಾಗಿದ ಮುಚ್ಚಳ, ನಡುವೆ ಎರಡಂಚಿನ ಬ್ಲೇಡು. ಹಿಡಿಯನ್ನು ತಿರುಗಿಸಿ ಬಿಗಿದಾಗ ಬ್ಲೇಡು ಮುಚ್ಚಳದ ಆಕಾರಕ್ಕೆ ಬಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಕ್ಷೌರಿಕ ವರ್ಷಗಟ್ಟಲೆ ಕಲಿತು ಕೈಯಲ್ಲಿ ಕೂಡಿಸಿಕೊಂಡ ಓರೆಯನ್ನು ಈ ಮೂರು ತುಂಡು ಲೋಹ ತಮ್ಮ ಆಕಾರದಲ್ಲಿಯೇ ಬಹುಮಟ್ಟಿಗೆ ಇಟ್ಟುಕೊಂಡಿವೆ. ಒತ್ತದೆ, ರೇಜರಿನ ಭಾರಕ್ಕೇ ಬಿಟ್ಟು, ಕೂದಲು ಬೆಳೆದ ದಿಕ್ಕಿಗೆ ಇಳಿಸಿದರೆ ಸಾಕು. ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು. ಮೊದಮೊದಲು ಬ್ಲೇಡು ಬೇಗ ತುಕ್ಕು ಹಿಡಿಯುತ್ತಿತ್ತು. 1962ರಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪೆನಿ ಲೇಪನವಿದ್ದ ಸ್ಟೇನ್‌ಲೆಸ್ ಬ್ಲೇಡನ್ನು ತಂದಮೇಲೆ ಆ ದೋಷವೂ ನೀಗಿತು. ಇಂದು ಹೋಟೆಲಿನ ಒಂದು ಲೋಟ ಕಾಫಿಯ ಬೆಲೆಗೆ ಐದು ಬ್ಲೇಡುಗಳ ಒಂದು ಪೊಟ್ಟಣ ಬರುತ್ತದೆ.

ಇವೆರಡರ ನಡುವೆ ಇನ್ನೊಂದು ಜಾತಿಯಿದೆ. ಇಂದಿನ ಸಲೂನುಗಳಲ್ಲಿ ಕಾಣುವುದು ಅದೇ. ಆಕಾರದಲ್ಲಿ ಮಡಿಸುವ ಕತ್ತಿ. ಬಾಯಲ್ಲಿ ಮಾತ್ರ ಅರ್ಧ ಮುರಿದ ಬ್ಲೇಡು. ಎಚ್‌ಐವಿ, ಹೆಪಟೈಟಿಸ್ ಮೊದಲಾದ ರಕ್ತದಿಂದ ಹರಡುವ ರೋಗಗಳ ತಿಳಿವಳಿಕೆ ಜನರಲ್ಲಿ ಹಬ್ಬಿದಮೇಲೆ, ಒಂದೇ ಕತ್ತಿಯಿಂದ ಹತ್ತು ಮುಖ ಹೆರೆಯುವ ಪದ್ಧತಿ ನಿಲ್ಲಬೇಕಾಯಿತು. ಗಿರಾಕಿಯ ಕಣ್ಣೆದುರಿಗೇ ಹೊಸ ಬ್ಲೇಡಿನ ಕಾಗದ ಬಿಚ್ಚಿ, ಎರಡಾಗಿ ಮುರಿದು, ಸಿಕ್ಕಿಸುವ ಈ ಕ್ರಮ ಒಂದು ಒಳ್ಳೆಯ ಸುಧಾರಣೆ. ಹಳೆಯ ಕತ್ತಿಯ ಮೋಹದಲ್ಲಿ ಇದನ್ನು ಮರೆಯಬಾರದು. ಅರಳಿಕಟ್ಟೆಯ ಕೆಳಗಿನ ಆ ಸುಂದರವಾದ ಕತ್ತಿ, ಒಬ್ಬನ ಕೆನ್ನೆಯಿಂದ ಇನ್ನೊಬ್ಬನ ಕೆನ್ನೆಗೆ ಗಿಂಡಿಯ ನೀರಿನಲ್ಲಿ ಒಮ್ಮೆ ಅದ್ದಿದಷ್ಟರಲ್ಲೇ ಸಾಗುತ್ತಿತ್ತು.

ಲೋಹದ ವಿಚಾರ ಇಲ್ಲಿಗೆ ಮುಗಿಯಿತು. ನನ್ನ ವಿದ್ಯಾರ್ಥಿಯ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು ಬೇರೆ: "ನಮ್ಮ ಹಿರಿಯರ ಹಾಗೆ" ಎಂಬ ಮಾತು. ನಮ್ಮ ಹಿರಿಯರು ಯಾರೂ ಕತ್ತಿ ಹಿಡಿದು ತಮ್ಮ ಗಡ್ಡವನ್ನು ತಾವು ತೆಗೆದುಕೊಂಡವರಲ್ಲ. ಕತ್ತಿಯನ್ನು ಹಿಡಿಯುತ್ತಿದ್ದವನು ಬೇರೊಬ್ಬ. ಅವನು ಬೆಳಗಾಗುವುದರೊಳಗೆ ಮನೆಯ ಹಿತ್ತಲಿಗೆ ಬರಬೇಕು. ಕೆಲಸ ಮುಗಿದಮೇಲೆ ಮುಟ್ಟಿಸಿಕೊಂಡವರು ಸ್ನಾನ ಮಾಡಬೇಕು. ಹೆರಿಗೆ, ಮದುವೆ, ಸಾವು, ಯಾವುದೂ ಅವನಿಲ್ಲದೆ ಸಾಗದು. ಪಂಕ್ತಿಯಲ್ಲಿ ಮಾತ್ರ ಅವನಿಗೆ ಎಡೆಯಿಲ್ಲ. ಅವನ ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುತ್ತಿದ್ದ ಬಾಯಿಗಳು ತಮ್ಮ ಕುತ್ತಿಗೆಯನ್ನು ಧೈರ್ಯವಾಗಿ ಅವನ ಕತ್ತಿಗೆ ಒಪ್ಪಿಸುತ್ತಿದ್ದವು. ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು, ವಚನಗಳನ್ನು ಬರೆದ ಅವರ ಪತ್ನಿ ಲಿಂಗಮ್ಮನವರನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡ ನಾಡಿನ ಮಾತಿದು.

ಕತ್ತಿ ಯಾರ ಕೈಯಲ್ಲಿದೆ, ಯಾರ ಇಚ್ಛೆಯಂತೆ ನಡೆಯುತ್ತದೆ ಎಂಬುದು ಎಷ್ಟು ಘೋರವಾಗಬಹುದು ಎಂಬುದನ್ನು ಮೇಲ್ಜಾತಿಯ ಮನೆಗಳ ವಿಧವೆಯರು ಬಲ್ಲರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು (1976) ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕತ್ತಿ ಹಿಡಿದವನಿಗೂ ಇಚ್ಛೆಯಿಲ್ಲ, ತಲೆಯೊಡ್ಡಿದವಳಿಗೂ ಇಚ್ಛೆಯಿಲ್ಲ. ಇಚ್ಛೆ ಜಗಲಿಯ ಮೇಲೆ ಕುಳಿತ ಮೂರನೆಯವರದು.

ಈ ಮೂರನೆಯವರ ಇಚ್ಛೆಯ ಇನ್ನೊಂದು ರೂಪವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಅದರಲ್ಲಿ ಪಾಲುಗಾರನೂ ಆಗಿದ್ದೇನೆ. ಅದನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ.

ನಮ್ಮೂರ ಅರಳಿಕಟ್ಟೆಯ ಕ್ಷೌರಿಕರು ಊರ ಹೊರಗಿನ ದಲಿತರ ಕೇರಿಯವರಿಗೆ ಕ್ಷೌರ ಮಾಡುತ್ತಿರಲಿಲ್ಲ. ಅವರೇನೂ ಕೆಟ್ಟ ಮನುಷ್ಯರಲ್ಲ. ಅವರ ಹೊಟ್ಟೆ ನಡೆಯುತ್ತಿದ್ದುದು ಆಯದಿಂದ. ಸುಗ್ಗಿಯಲ್ಲಿ ಕಣಕಣಕ್ಕೂ ಹೋಗಿ ವರ್ಷದ ಕೆಲಸಕ್ಕೆ ರಾಗಿ, ಜೋಳ ಅಳೆಸಿಕೊಂಡು ಬರಬೇಕು. ಕೇರಿಯ ಒಬ್ಬನ ಗಡ್ಡಕ್ಕೆ ಕತ್ತಿ ತಾಗಿದರೆ ಆ ಕತ್ತಿ ನಮಗೆ ಬೇಡ ಎಂದು ಕಣದ ಒಡೆಯರು ಹೇಳಿಬಿಟ್ಟರೆ, ಆ ವರ್ಷ ಒಲೆ ಹೊತ್ತುವುದು ಹೇಗೆ? ಹೀಗೆ ಊರಿನ ಕ್ರೌರ್ಯವೆಲ್ಲ ತಿರುಗಿ ತಿರುಗಿ ಊರಿನ ಒಬ್ಬ ಬಡವನ ಕೈಯಿಂದ ಇನ್ನೊಬ್ಬ ಬಡವನ ಮೇಲೆ ನಡೆಯುತ್ತಿತ್ತು. ನಮ್ಮ ಕೈ ಶುದ್ಧವಾಗಿಯೇ ಉಳಿಯುತ್ತಿತ್ತು.

ಆ ಕೇರಿಯ ಒಬ್ಬ ಹುಡುಗ ನನ್ನ ಸಹಪಾಠಿ. ಲೆಕ್ಕದಲ್ಲಿ ನನಗಿಂತ ಮುಂದು. ಓದು ಮುಗಿದಮೇಲೆ, 1969ರಲ್ಲಿ, ಇಬ್ಬರಿಗೂ ಚಿತ್ರದುರ್ಗದಲ್ಲಿ ಉಪಾಧ್ಯಾಯರ ಹುದ್ದೆಗೆ ಸಂದರ್ಶನ ಬಂತು. ಹಿಂದಿನ ಸಂಜೆ ಅವನು ನಮ್ಮ ಮನೆಯ ಅಂಗಳಕ್ಕೆ ಬಂದ. ಕೇರಿಯಲ್ಲಿ ಎಲ್ಲರ ಗಡ್ಡ ತೆಗೆಯುತ್ತಿದ್ದ ಹಿರಿಯರೊಬ್ಬರಿದ್ದರು, ಅವರು ನೆಂಟರ ಊರಿಗೆ ಹೋಗಿಬಿಟ್ಟಿದ್ದರು. ವಾರದ ಗಡ್ಡ ಹೊತ್ತು ಸಂದರ್ಶನಕ್ಕೆ ಹೋಗುವುದು ಹೇಗೆ? ನನಗೆ ನನ್ನ ತಂದೆ ಆ ವರ್ಷವೇ ಒಂದು ಸೇಫ್ಟಿ ರೇಜರನ್ನು ತಂದುಕೊಟ್ಟಿದ್ದರು. ಅದನ್ನು ನಾನೇ ಅವನಿಗೆ ಹೆಮ್ಮೆಯಿಂದ ತೋರಿಸಿದ್ದೆ.

"ಒಂದು ಸಲ ಕೊಟ್ಟಿರಪ್ಪಾ, ತೊಳೆದು ಬೆಳಗ್ಗೆಯೇ ತಂದುಕೊಡ್ತೀನಿ" ಎಂದ.

"ಬ್ಲೇಡು ಮುಗಿದಿದೆ" ಎಂದೆ.

ಪೆಟ್ಟಿಗೆಯಲ್ಲಿ ಮೂರು ಬ್ಲೇಡುಗಳಿದ್ದವು. ಒಬ್ಬರ ರೇಜರನ್ನು ಇನ್ನೊಬ್ಬರು ಬಳಸುವುದು ಆರೋಗ್ಯಕ್ಕೆ ಹಿತವಲ್ಲ ಎಂದು ಇಂದು ಯಾವ ವೈದ್ಯರಾದರೂ ಹೇಳುತ್ತಾರೆ. ಆ ಮಾತಿನ ಮರೆಯಲ್ಲಿ ನಾನು ಅಡಗಬಹುದು. ಆದರೆ ಅಂದಿನ ನನ್ನ ಸುಳ್ಳಿಗೆ ಕಾರಣ ಆರೋಗ್ಯವಲ್ಲ. ಒಳಗೆ ಅಜ್ಜಿ ಇದ್ದರು, ತಂದೆ ಇದ್ದರು, ಅವರಿಗಿಂತ ಹೆಚ್ಚಾಗಿ ನಾನೇ ಇದ್ದೆ. ಒಂದು ಮಾತೂ ಆಡದೆ ಅವನು ಹೊರಟುಹೋದ.

ಮರುದಿನ ಹಿರಿಯೂರಿನಲ್ಲಿ ಚಿತ್ರದುರ್ಗದ ಬಸ್ಸು ಹತ್ತುವಾಗ ಅವನನ್ನು ಕಂಡೆ. ಮುಖ ನುಣ್ಣಗಾಗಿತ್ತು, ಗಲ್ಲದ ಮೇಲೆ ಎರಡು ಕಡೆ ಗಾಯ, ಮೇಲೆ ವೃತ್ತಪತ್ರಿಕೆಯ ಚೂರು ಅಂಟಿಸಿಕೊಂಡಿದ್ದ. ಮೊದಲ ಬಸ್ಸಿಗೇ ಬಂದು, ಅಂಗಡಿ ತೆರೆಯುವವರೆಗೂ ಕಾದು, ಇದ್ದ ದುಡ್ಡಿನಲ್ಲಿ ಒಂದು ಅಗ್ಗದ ರೇಜರನ್ನು ಕೊಂಡು, ನಲ್ಲಿಯ ಬಳಿ ನಿಂತು, ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ಜೀವನದಲ್ಲಿ ಮೊದಲ ಸಲ ತಾನೇ ಕ್ಷೌರ ಮಾಡಿಕೊಂಡಿದ್ದ. ಪಟ್ಟಣದಲ್ಲಿ ಸಲೂನು ಇತ್ತಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. "ಕುರ್ಚಿ ಮೇಲೆ ಕೂರಿಸಿ, ಮುಖಕ್ಕೆ ನೊರೆ ಹಚ್ಚಿ, ಆಮೇಲೆ ಯಾವೂರು, ಯಾರ ಪೈಕಿ ಅಂತ ಕೇಳಿಬಿಟ್ಟರೆ? ಅರ್ಧ ಗಡ್ಡದಲ್ಲಿ ಎಬ್ಬಿಸಿದರೆ ಸಂದರ್ಶನಕ್ಕೆ ಹೇಗೆ ಹೋಗಲಿ?" ಎಂದ. ಇಬ್ಬರಿಗೂ ಕೆಲಸ ಸಿಕ್ಕಿತು. ಮೊದಲ ಹತ್ತು ವರ್ಷ ಆ ಸಂಜೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾನೂನು ಆಗ ಇರಲಿಲ್ಲವೆಂದಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು, 'ಅಂಗಡಿ' ಎಂಬ ಮಾತನ್ನು ವಿಶಾಲವಾದ ಅರ್ಥದಲ್ಲಿ ಬಳಸಲಾಗಿದೆ, ಬಂದವರಿಗೆ ತನ್ನ ಸೇವೆಯನ್ನು ಒದಗಿಸುವ ಪ್ರತಿಯೊಬ್ಬನೂ ಅದರಲ್ಲಿ ಸೇರುತ್ತಾನೆ ಎಂದು ವಿವರಿಸಿದ್ದರು. ಅದೇ ವಿಧಿ ಇಂದು ಸಂವಿಧಾನದ 15ನೆಯ ಅನುಚ್ಛೇದವಾಗಿದೆ. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಸೇವೆಯ ನಿರಾಕರಣೆಯನ್ನು ದಂಡಾರ್ಹವನ್ನಾಗಿ ಮಾಡಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರನ್ನು ಕೊಟ್ಟರು. ಆದರೆ ನವದೆಹಲಿಯಿಂದ ಹೊರಟ ಕಾನೂನು ನಮ್ಮೂರ ಅರಳಿಕಟ್ಟೆಯನ್ನು ಮುಟ್ಟುವುದಕ್ಕೆ ಮೊದಲೇ ಹಿರಿಯೂರಿನ ಅಂಗಡಿಯ ಆ ಅಗ್ಗದ ರೇಜರು ನನ್ನ ಗೆಳೆಯನ ಕೈ ಮುಟ್ಟಿತ್ತು. ಅದು ಅವನನ್ನು ಯಾವೂರು, ಯಾರ ಪೈಕಿ ಎಂದು ಕೇಳಲಿಲ್ಲ. ಯಾವ ಕಣದ ಒಡೆಯನ ಅಪ್ಪಣೆಗೂ ಕಾಯಲಿಲ್ಲ.

ಈ ಕಾರಣದಿಂದ ನನ್ನ ಮತ ಸೇಫ್ಟಿ ರೇಜರಿನ ಕಡೆಗೆ. 'ಸೇಫ್ಟಿ' ಎಂಬ ಮಾತಿಗೆ ಜಿಲೆಟ್ ಎಣಿಸದಿದ್ದ ಒಂದು ಅರ್ಥ ನಮ್ಮ ಹಳ್ಳಿಗಳಲ್ಲಿ ಹುಟ್ಟಿತು. ಗಲ್ಲದ ಗಾಯದಿಂದ ಅದು ನನ್ನ ಗೆಳೆಯನನ್ನು ಕಾಪಾಡಲಿಲ್ಲ. ಅದಕ್ಕಿಂತ ಆಳವಾದ ಗಾಯದಿಂದ ಕಾಪಾಡಿತು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಬಾಗಿಲು ಮುಚ್ಚಿದವರ ತಪ್ಪಿಗೆ, ಹೊರಗೆ ನಿಂತವನು ತನ್ನ ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವುದು ಪರಿಹಾರವೇ ಎಂದು ಕೇಳಬಹುದು. ಖಂಡಿತ ಅಲ್ಲ. ಕ್ಷೌರದಂಗಡಿಯಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ ವರದಿಗಳು ನಮ್ಮ ಪತ್ರಿಕೆಗಳಲ್ಲಿ ಈಗಲೂ ಆಗಾಗ ಬರುತ್ತಿವೆ. ಅಂಥ ಊರಿನಲ್ಲಿ ಬೇಕಾದುದು ಪೋಲೀಸು ಮತ್ತು ನ್ಯಾಯಾಲಯ, ರೇಜರಲ್ಲ. ಮನೆಯಲ್ಲಿ ರೇಜರಿರುವವನು ಅಂಗಡಿಗೆ ಹೋಗುವುದು ತನ್ನ ಇಷ್ಟದಿಂದ. ಇಷ್ಟವಿದ್ದಾಗ ಬಾಗಿಲು ತೆರೆದಿರಬೇಕಾದದ್ದು ಅವನ ಹಕ್ಕು. ಒಂದು ಇನ್ನೊಂದರ ಬದಲಿಯಾಗಲಾರದು.

ಕ್ಷೌರಿಕರ ಜೀವನೋಪಾಯ ಏನಾಗಬೇಕು ಎಂಬುದು ಇನ್ನೊಂದು ಆಕ್ಷೇಪಣೆ. ಆಯದ ಕಾಳಿಗೆ ಕಾಯುತ್ತಿದ್ದ ಮನೆಯ ಮಕ್ಕಳು ಇಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸ್ವಂತ ಸಲೂನುಗಳನ್ನು ಇಟ್ಟಿದ್ದಾರೆ. ಕೆಲಸಕ್ಕೆ ಗೋಡೆಯ ಮೇಲೆ ದರಪಟ್ಟಿ ಇದೆ; ಕೈಗೆ ಹಣ ಬರುತ್ತದೆ. ಹಣ ಕೊಟ್ಟವನ ಕಣದ ಹಂಗು ಅವರಿಗಿಲ್ಲ. ಹಿತ್ತಲಿನ ಬಾಗಿಲಲ್ಲಿ ಕಾಯುವುದರಿಂದ ಅವರೂ ಬಿಡುಗಡೆ ಹೊಂದಿದರು. ಕತ್ತಿಯ ನಿಜವಾದ ವಿದ್ಯೆ ಇರುವುದು ಅವರ ಕೈಯಲ್ಲಿ. ಅದನ್ನು ಕಾಣಬೇಕೆನಿಸಿದರೆ, ಪೆಟ್ಟಿಗೆಯ ಮಖಮಲ್ಲನ್ನು ನೋಡುವುದಕ್ಕಿಂತ ಅವರ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚುವುದು ಮೇಲು.

ಬಿಸಾಡುವ ಬ್ಲೇಡುಗಳಿಂದಾಗುವ ಕೇಡನ್ನು ಕುರಿತ ಮೂರನೆಯ ಆಕ್ಷೇಪಣೆಯನ್ನು ನಾನು ಅರ್ಧ ಒಪ್ಪುತ್ತೇನೆ. ಕಾಗದದಲ್ಲಿ ಸುತ್ತಿ ಕಸಕ್ಕೆ ಎಸೆದ ಬ್ಲೇಡು ಪೌರಕಾರ್ಮಿಕರ ಬೆರಳನ್ನು ಸೀಳುತ್ತದೆ. ಬೀದಿಯ ದನದ ಬಾಯಿಗೆ ಹೋಗುತ್ತದೆ. ಒಂದು ಹಳೆಯ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಕೊರೆದು, ಮೊಂಡಾದ ಬ್ಲೇಡುಗಳನ್ನು ಅದರೊಳಗೆ ಹಾಕುತ್ತ ಬಂದರೆ ವರ್ಷಗಟ್ಟಲೆ ತುಂಬುವುದಿಲ್ಲ. ತುಂಬಿದಮೇಲೆ ಬಾಯಿ ಬೆಸೆದು ಗುಜರಿಗೆ ಕೊಡಬಹುದು. ಅದು ಅಪ್ಪಟ ಉಕ್ಕು. ಕರಗಿಸಿದರೆ ಮತ್ತೆ ಉಕ್ಕು. ಪ್ಲಾಸ್ಟಿಕ್ಕಿನಲ್ಲಿ ಮೂರು ನಾಲ್ಕು ಅಂಚುಗಳನ್ನು ಹುದುಗಿಸಿ ಮಾರುವ ಈಗಿನ ರೇಜರುಗಳಿಗೆ ಈ ಗತಿಯೂ ಇಲ್ಲ. ಆದಕಾರಣ ನಾನು ಹೇಳುತ್ತಿರುವುದು ಹಳೆಯ ಎರಡಂಚಿನ ಬ್ಲೇಡಿನ, ಲೋಹದ ಹಿಡಿಯ ರೇಜರನ್ನು ಕುರಿತು ಮಾತ್ರ.

1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಆ ಸೆಪ್ಟೆಂಬರಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ಅಲ್ಲಿ ನೆರೆದಾಗ ನಾನೂ ನನ್ನ ಗೆಳೆಯನೂ ಜೊತೆಯಲ್ಲಿ ಹೋಗಿ ನೀರು ನೋಡಿ ಬಂದೆವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆ ಸಲ ಅವನು ಬರುವ ಸ್ಥಿತಿಯಲ್ಲಿರಲಿಲ್ಲ. ಅವನ ಕೈ ನಡುಗುತ್ತದೆ. ನೀರಿನ ಸುದ್ದಿ ಹೇಳಲೆಂದು ಅವನ ಮನೆಗೆ ಹೋದೆ. ಮೂರು ದಿನದ ಗಡ್ಡದಲ್ಲಿ ಕುಳಿತಿದ್ದ. ಮಗ ಊರಿನಲ್ಲಿರಲಿಲ್ಲ.

"ನಾನು ತೆಗೀಲಾ?" ಎಂದು ಕೇಳಿದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಬ್ಲೇಡು ಇದೆಯೋ?" ಎಂದ, ಎಂದು ನಕ್ಕ.

ಗೂಡಿನಲ್ಲಿ ಹೊಸ ಬ್ಲೇಡಿನ ಪೊಟ್ಟಣವಿತ್ತು. ಪಕ್ಕದಲ್ಲಿ ಅದೇ ರೇಜರು, ನಿಕ್ಕಲ್ ಸವೆದು ಹಿತ್ತಾಳೆ ಕಾಣುತ್ತಿತ್ತು. ನೊರೆ ಹಚ್ಚಿ, ಒತ್ತದೆ, ರೇಜರಿನ ಭಾರಕ್ಕೇ ಬಿಟ್ಟು ನಿಧಾನವಾಗಿ ತೆಗೆದೆ. ಗಲ್ಲದ ಬಳಿ ಹಳೆಯ ಕಲೆಯೊಂದು ಬೆರಳಿಗೆ ಸಿಕ್ಕಿತು. ಅಲ್ಲಿ ಇನ್ನೂ ನಿಧಾನ ಮಾಡಿದೆ.

ನನ್ನ ವಿದ್ಯಾರ್ಥಿಗೆ ಉಳಿದ ಉತ್ತರ ಇಷ್ಟೇ. ನಿನ್ನ ಕತ್ತಿ ಒಳ್ಳೆಯದು. ಕಲಿತು, ಕಾಪಾಡಿ ಇಟ್ಟುಕೊ. ಅದನ್ನು ಹಿರಿಯರ ಸಂಸ್ಕಾರವೆಂದು ಕರೆಯುವಾಗ, ಅದನ್ನು ಹಿಡಿದು ಹಿತ್ತಲಲ್ಲಿ ಕಾಯುತ್ತಿದ್ದವರನ್ನೂ, ಅದು ಮುಟ್ಟಲಾರದೆಂದು ದೂರ ನಿಂತವರನ್ನೂ ಹಿರಿಯರ ಲೆಕ್ಕದಲ್ಲಿ ಸೇರಿಸಿಕೊ. ನಿನ್ನ ಮಗನಿಗೆ ಗಡ್ಡ ಮೂಡಿದ ದಿನ ಮಾತ್ರ ಅವನ ಕೈಗೆ ಒಂದು ಸಾದಾ ಸೇಫ್ಟಿ ರೇಜರನ್ನು ಕೊಡು. ಜೊತೆಗೆ ಬ್ಲೇಡಿನ ಪೊಟ್ಟಣಗಳನ್ನು ಎರಡು ಕೊಡು. ಗೆಳೆಯ ಕೇಳಿದರೆ ಅವನಿಗೊಂದು ಹೊಸದನ್ನು ಕೊಡುವುದಕ್ಕೆ ಇರಲಿ.